ವಳಕಮದಿನ್ನಿಯ ಮೊದಲ ಅಕ್ಷರ

ಸಿಂಧನೂರು
೨೪-೭-೧೯೮೮

ಅಣ್ಣನಿಗೆ ಮಾಳಿಂಗನ ನಮಸ್ಕಾರ.

ನೀನು ನನ್ನನ್ನು ಇಲ್ಲಿ ಬಿಟ್ಟು ಲಿಂಗಸುಗೂರಿನ ಬಸ್ಸು ಹತ್ತಿದ ಮೇಲೆ ಹದಿನೆಂಟು ದಿನವಾಯಿತು. ಹಾಸ್ಟೆಲಿನಲ್ಲಿ ಎಲ್ಲಾ ಅಡ್ಜಸ್ಟ್ ಆಗಿದೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನ ಅನ್ನ ಉಂಡವನಿಗೆ ಹೊಸದೇನು? ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ತಾಟು ಹಿಡಿದು ಲೈನಿನಲ್ಲಿ ನಿಲ್ಲುವುದು. ನನ್ನ ರೂಮಿನಲ್ಲಿ ಮಸ್ಕಿಯ ಯಂಕೋಬ ಎಂಬುವವನಿದ್ದಾನೆ. ಫಸ್ಟ್ ಬೆಂಚ್ ಹುಡುಗ.

ಕಾಲೇಜಿನ ಇಂಗ್ಲಿಷ್ ಸರ್ ಪೂರ್ತಿ ಪೀರಿಯಡ್ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಯಂಕೋಬ ನಕ್ಕಾಗ ನಾನೂ ನಗುತ್ತೇನೆ. ತೊಂದರೆ ಇಲ್ಲ. ಪಿಯುಸಿ ಫಸ್ಟ್ ಇಯರ್ ಅಂದರೆ ಮೊದಮೊದಲು ಹೀಗೇ ಇರುತ್ತದೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ಊರಿಗೆ ಹೋದಾಗ ಅವ್ವನಿಗೆ ನಾನು ಆರಾಮಿದ್ದೇನೆ ಎಂದು ಹೇಳು. ನಿಮ್ಮ ಪೇಂಟಿಂಗ್ ಅಂಗಡಿಯ ಹುಸೇನ್‌ಸಾಬ್ ಉಸ್ತಾದರಿಗೆ ಸಲಾಂ.

ನಿನ್ನ ತಮ್ಮ
ಮಾಳಿಂಗಪ್ಪ

*

ಲಿಂಗಸುಗೂರು
೩-೮-೧೯೮೮

ತಮ್ಮ ಮಾಳಿಂಗನಿಗೆ ಗದ್ದೆಪ್ಪನ ಆಶೀರ್ವಾದ.

ನಿನ್ನ ಇನ್‌ಲ್ಯಾಂಡ್ ಮುಟ್ಟಿತು. ಅಂಗಡಿಯಲ್ಲಿ ಉಸ್ತಾದರಿಗೆ ಜೋರಾಗಿ ಓದಿ ಹೇಳಿದೆ. ಪೂರ್ತಿ ಪೀರಿಯಡ್ ಇಂಗ್ಲಿಷು ಎಂಬ ಸಾಲಿಗೆ ಅವರು ಗಡ್ಡ ಸವರಿಕೊಂಡು, “ಮತ್ತ! ನಾವೇನು ಕುರಿ ಎಣಸಾಕ ಕಳಿಸೀವೇನು ಅವನ್ನ?” ಅಂದರು.

ಈಗ ಕೆಲಸದ ಮಾತು. ಪಂಪಣ್ಣ ಎಂಬ ರಸ್ತೆ ಕಂತ್ರಾಟದಾರನಿಂದ ಇಪ್ಪತ್ತೆರಡು ಊರಿನ ಬೋರ್ಡುಗಳ ಕೆಲಸ ಬಂದಿದೆ. ನಮ್ಮ ವಳಕಮದಿನ್ನಿಯದೂ ಅದರಲ್ಲಿದೆ! ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಕನ್ನಡಕ್ಕೆ ನಾನೇ ಸಾಕು. ಇಂಗ್ಲಿಷ್ ಇಷ್ಟು ವರ್ಷ ಉಸ್ತಾದರೇ ಬರೆಯುತ್ತಿದ್ದರು, ನಾನು ಡಬ್ಬಿ ಹಿಡಿಯುತ್ತಿದ್ದೆ. ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದು ಗೆರೆ ಹೊಡೆಯುವ ಸುಣ್ಣದ ದಾರವೂ ಕಾಣುತ್ತಿಲ್ಲ. ಮಗಳು ನಜಮಾ ಮೊನ್ನೆ ರಾಯಚೂರಿಗೆ ಕರೆದೊಯ್ದಳು, ಅಲ್ಲೇ ಆಪರೇಷನ್. ಹೋಗುವಾಗ ನನ್ನ ಕೈ ಹಿಡಿದು ಒಂದು ಮಾತು ಹೇಳಿದರು: “ಬೇಟಾ, ಹೊಸಾ ಕಣ್ಣು ತಗೊಂಡು ಬರ್ತೀನಿ. ಮೊದಲು ನಿನ್ನ ಬೋರ್ಡ ನೋಡ್ತೀನಿ. ಬರಾಬರಿ ಇದ್ರ ಮೂಲ್ಯಾಗ ನಿನ್ನ ಹೆಸರ ಹಾಕು.”

ನಿನಗೆ ಗೊತ್ತಲ್ಲ, ನಮ್ಮ ಕೆಲಸದಲ್ಲಿ ಉಸ್ತಾದ್ ಹೂಂ ಅನ್ನುವವರೆಗೆ ಶಿಷ್ಯ ಬೋರ್ಡಿನ ಮೂಲೆಯಲ್ಲಿ ತನ್ನ ಹೆಸರು ಬರೆಯುವಂತಿಲ್ಲ. ಹನ್ನೊಂದು ವರ್ಷದಿಂದ ನಾನು ಬರೆದದ್ದಕ್ಕೆಲ್ಲಾ ‘ಹುಸೇನ್’ ಎಂದೇ ಬರೆದಿದ್ದೇನೆ. ಬೇಜಾರಿಲ್ಲ. ಆದರೂ ಒಮ್ಮೆ ನನ್ನ ಹೆಸರು ಹಾದಿಯಲ್ಲಿ ನಿಂತದ್ದನ್ನು ನೋಡಬೇಕು ಅನಿಸುತ್ತದೆ.

ಪಂಪಣ್ಣನ ಕರಾರು ಏನೆಂದರೆ, “ಎಲ್ಲಾ ದೊಡ್ಡಕ್ಷರ ಬ್ಯಾಡ. ಪುಸ್ತಕದಾಗ ಇರತಾವಲ್ಲ, ಹಂಗ ಬೇಕು.” ಪುಸ್ತಕದಲ್ಲಿ ಹೇಗಿರುತ್ತವೆಂದು ನನಗೇನು ಗೊತ್ತು? ನೀನು ಕಾಲೇಜಿನಲ್ಲಿದ್ದೀ. ಊರುಗಳ ಯಾದಿ ಕಳಿಸಿದ್ದೇನೆ. ಒಂದೊಂದನ್ನೂ ದಪ್ಪಗೆ ಬರೆದು ಕಳಿಸು. ನಾನು ಗೆರೆಗೆ ಗೆರೆ ಹಾಗೇ ಇಳಿಸುತ್ತೇನೆ. ಬರೆದ ಮೇಲೆ ನಿಮ್ಮ ಸರ್‌ಗೆ ಒಮ್ಮೆ ತೋರಿಸಿಬಿಡು.

ಪಂಚಮಿಗೆ ಅವ್ವ ಉಂಡಿ ಕಟ್ಟಿ ಕಳಿಸುತ್ತಾಳೆ. ಯಂಕೋಬನಿಗೂ ಕೊಡು.

ಗದ್ದೆಪ್ಪ

*

ಸಿಂಧನೂರು
೯-೮-೧೯೮೮

ಅಣ್ಣನಿಗೆ ನಮಸ್ಕಾರ.

ಯಾದಿ ಇದರೊಳಗಿದೆ. ಕಾಪಿ ಹಾಳೆಯಲ್ಲಿ ನಾಲ್ಕು ಗೆರೆ ಎಳೆದು, ಸ್ಕೇಲ್ ಇಟ್ಟು ಬರೆದಿದ್ದೇನೆ. ಎರಡು ಸಲ ಫೇರ್ ಮಾಡಿದೆ. ಗೆರೆಯ ಮೇಲೆ ಎಷ್ಟು ಏಳುತ್ತದೆ, ಕೆಳಗೆ ಎಷ್ಟು ಇಳಿಯುತ್ತದೆ ನೋಡಿಕೋ.

ರೂಲ್ ಹೀಗಿದೆ. ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರಕ್ಕೂ ದೊಡ್ಡದು, ಸಣ್ಣದು ಎಂದು ಎರಡು ರೂಪ. ದೊಡ್ಡ ಊರಿನ ಮೊದಲ ಅಕ್ಷರ ದೊಡ್ಡದು. ಅದಕ್ಕೇ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರಕ್ಕೂ ದೊಡ್ಡ ಅಕ್ಷರ. ತುರ್ವಿಹಾಳ ಹಳ್ಳಿಯಾದರೂ ದೊಡ್ಡ ಹಳ್ಳಿ, ಅದಕ್ಕೂ ಕೊಟ್ಟಿದ್ದೇನೆ. ಹಟ್ಟಿಯ ಬಗ್ಗೆ ಸ್ವಲ್ಪ ಡೌಟ್ ಬಂತು. ಆದರೆ ಅಲ್ಲಿ ಚಿನ್ನ ತೆಗೆಯುತ್ತಾರೆ, ಕಂಪನಿ ಕ್ವಾರ್ಟರ್ಸ್ ಇವೆ. ದೊಡ್ಡದೇ ಇರಲಿ ಎಂದು ಮಾಡಿದೆ. ಉಳಿದ ಹದಿನೇಳು ಹಳ್ಳಿಗಳಿಗೆ ಸಣ್ಣ ಅಕ್ಷರ.

ಸರ್‌ಗೆ ತೋರಿಸಿದೆ. ಕರೆಕ್ಟ್ ಇದೆ ಅಂದರು.

ನೀನು ಫಿಕರ್ ಮಾಡದೆ ಬರೆ.

ಮಾಳಿಂಗಪ್ಪ

*

ಲಿಂಗಸುಗೂರು
೧೨-೯-೧೯೮೮

ತಮ್ಮಾ,

ಇಪ್ಪತ್ತೆರಡರಲ್ಲಿ ಹದಿನಾಲ್ಕು ಬೋರ್ಡು ನಿಂತವು! ಹಳದಿ ನೆಲ, ಕರಿ ಅಕ್ಷರ. ನಿನ್ನ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು ಬರೆಯುತ್ತೇನೆ. ಅಂಗಡಿಗೆ ಬಂದವರು “ಇದು ಯಾರ ಕೈ?” ಎಂದು ಕೇಳಿದರೆ “ನಮ್ಮ ಕಾಲೇಜಂದು” ಎನ್ನುತ್ತೇನೆ.

ನಮ್ಮೂರಿನ ಬೋರ್ಡು ನೆಡುವಾಗ ನಾನೇ ಹೋಗಿದ್ದೆ. ಅವ್ವ ಸೆರಗಿನಿಂದ ಬೋರ್ಡಿನ ಧೂಳು ಒರೆಸಿದಳು. ಬಣ್ಣ ಒಣಗಿಲ್ಲವೆಂದು ಕೂಗುವುದರೊಳಗೆ ಸೆರಗಿಗೆ ಕರಿ ಬಡಿಯಿತು. ಈಗ ಆ ಕಲೆಯನ್ನೇ ಎಲ್ಲರಿಗೂ ತೋರಿಸುತ್ತಿದ್ದಾಳೆ.

ಒಂದು ತಮಾಷೆ ಕೇಳು. ಪಕ್ಕದ ಮನೆಯ ತಿಮ್ಮವ್ವನಿಗೆ ಕನ್ನಡವೇ ಓದಲು ಬರುವುದಿಲ್ಲ. ನಾಟಿಗೆ ಹೋಗುತ್ತಾ ಬರುತ್ತಾ ಬೋರ್ಡುಗಳನ್ನು ನೋಡಿದ್ದಾಳೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದಳು.

“ಯಾಕಲೇ ಗದ್ದೆಪ್ಪ, ತುರ್ವಿಹಾಳದ ಬೋರ್ಡಿಗೆ ಮೊದಲಿನ ಅಕ್ಷರ ರುಮಾಲ ಸುತ್ತಿದಂಗ ಎತ್ತರ ಐತಿ. ನಮ್ಮೂರಿಗೆ ಬೋಳ ತಲಿ ಯಾಕ? ನಾವೇನ ಅವರ ಮನ್ಯಾಗ ಜೀತಕ್ಕದೀವೇನ?”

“ಅತ್ತಿ, ಅದು ಇಂಗ್ಲಿಷಿನ ಕಾಯ್ದೆ. ದೊಡ್ಡೂರಿಗೆ ಅಷ್ಟ ರುಮಾಲು.”

“ಯಾವಾಂವ ಮಾಡ್ಯಾನ ಆ ಕಾಯ್ದೆ? ತುರ್ವಿಹಾಳದಾಂವ ಇರಬೇಕು!”

ಎಲ್ಲರೂ ನಕ್ಕರು. ನಾನು ಎದೆ ಸೆಟೆಸಿ, “ನನ್ನ ತಮ್ಮ ಬರದಾನ. ಅವನ ಸರ್ ನೋಡ್ಯಾರ. ಇನ್ನೇನ ಬೇಕು?” ಅಂದೆ. ಆಗ ಸೊಂಟದ ಮೇಲಿನ ಕೈ ಇಳಿಸಿದಳು. ಓದಿದವನ ಹೆಸರಿಗೆ ಇರುವ ಬೆಲೆ ನೋಡು.

ಉಸ್ತಾದರ ಒಂದು ಕಣ್ಣಿನ ಆಪರೇಷನ್ ಆಗಿದೆ. ಇನ್ನೊಂದು ಬಾಕಿ.

ಗದ್ದೆಪ್ಪ

*

ಸಿಂಧನೂರು
೨೦-೯-೧೯೮೮

ಅಣ್ಣಾ,

ಟೆಸ್ಟ್ ನಡೆದಿವೆ, ಅದಕ್ಕೆ ಕಾರ್ಡು. ಉಳಿದ ಎಂಟು ಬೋರ್ಡುಗಳಿಗೆ ಅವಸರ ಮಾಡಬೇಡ. ಉಸ್ತಾದರು ಬರಲಿ, ಅವರ ಎದುರಿಗೇ ಬರೆದರೆ ಒಳ್ಳೆಯದಲ್ಲವೇ? ಈಗ ನಿಲ್ಲಿಸು. ದಯವಿಟ್ಟು ಸ್ವಲ್ಪ ನಿಲ್ಲಿಸು.

ಮಾಳಿಂಗ

*

ಲಿಂಗಸುಗೂರು
೨-೧೦-೧೯೮೮

ತಮ್ಮಾ,

ನಿನ್ನ ಕಾರ್ಡು ಓದಿ ಕಣ್ಣು ತುಂಬಿತು. ಟೆಸ್ಟಿನ ಗಡಿಬಿಡಿಯಲ್ಲೂ ನನ್ನ ಬೆನ್ನಿನ ನೋವು ನೆನಪಿಟ್ಟಿದ್ದೀಯಲ್ಲ! ಅವ್ವ ಹೇಳಿರಬೇಕು. ಬೆನ್ನು ಈಗ ಆರಾಮಿದೆ. ನೀನು ಬೇಡವೆಂದರೂ ನಿಲ್ಲಿಸಲಿಲ್ಲ. ಇಪ್ಪತ್ತೆರಡೂ ಮುಗಿಸಿದೆ.

ಆದರೆ ನಿನ್ನೆ ಒಂದು ಗಲಾಟೆಯಾಯಿತು. ಪಂಪಣ್ಣ ಯಾರನ್ನೋ ಜೀಪಿನಲ್ಲಿ ಕೂರಿಸಿಕೊಂಡು ಎಲ್ಲಾ ಬೋರ್ಡು ನೋಡಿಬಂದ. ಅಂಗಡಿಯ ಮುಂದೆ ಇಳಿದವನೇ ಶುರು ಮಾಡಿದ:

“ಏನಲೇ ಪೇಂಟರ್, ಐದೂರಿಗೆ ದೊಡ್ಡಕ್ಷರ, ಹದಿನೇಳಕ್ಕ ಸಣ್ಣದು! ನನ್ನ ಸಂಗಾಟ ಬಂದಾವ್ರು ನಕ್ಕರು. ನನ್ನ ಇಜ್ಜತ್ ತೆಗದಿ.”

“ಅದ ಬರಾಬರಿ ಐತ್ರಿ. ಕಾಲೇಜಿನ ಸರ್ ನೋಡ್ಯಾರ.”

“ಯಾವ ಸರ್?”

“ಸಿಂಧನೂರಿನಾಗ. ನನ್ನ ತಮ್ಮನ ಸರ್. ಅವರು ತಪ್ಪಂದ್ರ ನಾ ಇವತ್ತಿಂದ ಬ್ರಷ್ ಮುಟ್ಟಂಗಿಲ್ರಿ!”

ಸಿಟ್ಟಿನಲ್ಲಿ ಅಂದುಬಿಟ್ಟೆ. ಮಂದಿ ಸೇರಿದ್ದರು. ಪಂಪಣ್ಣ ಹತ್ತನೇ ತಾರೀಕು ಸೋಮವಾರ ಸಿಮೆಂಟಿಗೆಂದು ಸಿಂಧನೂರಿಗೆ ಬರುತ್ತಾನೆ. ಕಾಲೇಜಿಗೆ ಬಂದು ನಿಮ್ಮ ಸರ್ ಅವರನ್ನೇ ಕೇಳುತ್ತಾನಂತೆ. ಕೇಳಲಿ. ನಿನ್ನ ಯಾದಿಯನ್ನು ಇದರಲ್ಲೇ ವಾಪಸ್ ಕಳಿಸಿದ್ದೇನೆ. ಸರ್ ಕಡೆ ಕೆಳಗೆ ಒಂದು ಸಹಿ ಮಾಡಿಸಿ ಇಟ್ಟುಕೋ, ಅಷ್ಟೇ. ಹದಿನೈದಕ್ಕೆ ಉಸ್ತಾದರು ಬರುತ್ತಾರೆ. ಅಷ್ಟರೊಳಗೆ ಈ ಮಾತು ಮುಗಿದರೆ ಚಲೋ.

ನನಗೆ ಹೆದರಿಕೆ ಇಲ್ಲ. ನೀನಿದ್ದೀಯಲ್ಲ.

ಗದ್ದೆಪ್ಪ

*

ಸಿಂಧನೂರು
೬-೧೦-೧೯೮೮

ಅಣ್ಣಾ,

ಇದನ್ನು ಉಸ್ತಾದರ ಅಂಗಡಿಯಲ್ಲಿ ಜೋರಾಗಿ ಓದಬೇಡ. ಮೊದಲು ನೀನೊಬ್ಬನೇ ಓದು.

ಸರ್ ಆ ಯಾದಿಯನ್ನು ನೋಡಿರಲಿಲ್ಲ. ನಾನು ತೋರಿಸಿರಲಿಲ್ಲ.

ಕಾಲೇಜಿನ ಮೊದಲ ವಾರ ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಹೆಸರು, ಊರು ಕೇಳಿದರು. ನನ್ನ ಹೆಸರು ಹೇಳಿದೆ. ಮೈ ವಿಲೇಜ್ ಈಸ್ ಎಂದು ನಿಂತುಬಿಟ್ಟೆ. ನಮ್ಮೂರಿನ ಹೆಸರು ಹೇಳಲು ಯಾವ ಇಂಗ್ಲಿಷ್ ಬೇಕಿತ್ತು ಹೇಳು? ಕಡೆಗೆ ವಳಕಮದಿನ್ನಿ ಅಂದೆ. ಹಿಂದಿನ ಬೆಂಚಿನಿಂದ “ಅದೆಲ್ಲೈತಲೇ?” ಎಂದು ಯಾರೋ ಅಂದರು. ಇಡೀ ಕ್ಲಾಸು ನಕ್ಕಿತು. ಯಂಕೋಬನೂ ನಕ್ಕ. ಅಂದಿನಿಂದ ನಾನು ಆ ಸರ್ ಎದುರು ಬಾಯಿ ತೆರೆದಿರಲಿಲ್ಲ. ಬಾತ್‌ರೂಮಿಗೆ ಹೋಗಬೇಕಿದ್ದರೂ ಬೆಲ್ ಹೊಡೆಯುವವರೆಗೆ ಕೂರುತ್ತಿದ್ದೆ. ನಿನ್ನ ಯಾದಿಯನ್ನು ನೋಟ್‌ಬುಕ್ಕಿನಲ್ಲಿಟ್ಟುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಮೂರು ದಿನ ಹೋದೆ. ಮೂರು ದಿನವೂ ತಿರುಗಿ ಬಂದೆ. ನಾಲ್ಕನೇ ದಿನ ಅಂಚೆಗೆ ಹಾಕಿದೆ.

ತಪ್ಪು ಗೊತ್ತಾದದ್ದು ಸೆಪ್ಟೆಂಬರ್ ಹದಿನೇಳಕ್ಕೆ. ನಮ್ಮ ಊರಿನ ಮೇಲೆ ಪ್ರಬಂಧ ಬರೆಸಿದ್ದರು. ವಾಪಸ್ ಬಂದ ಪೇಪರಿನಲ್ಲಿ ವಳಕಮದಿನ್ನಿ ಒಂಬತ್ತು ಕಡೆ ಇತ್ತು. ಒಂಬತ್ತಕ್ಕೂ ಮೊದಲ ಅಕ್ಷರದ ಸುತ್ತ ಕೆಂಪು ಸುತ್ತು. ಐವತ್ತಕ್ಕೆ ಹದಿಮೂರು. ಅದರ ಹಿಂದಿನ ದಿನವಷ್ಟೇ ನಿನ್ನ ಕಾಗದ ಬಂದಿತ್ತು, ತಿಮ್ಮವ್ವನ ಮಾತಿನ ಕಾಗದ. ನಾನು ಹೇಳಬೇಕಿತ್ತು. ಕಾರ್ಡಿನಲ್ಲಿ ನಿಲ್ಲಿಸು ಎಂದಷ್ಟೇ ಬರೆದೆ, ಯಾಕೆಂದು ಬರೆಯಲಿಲ್ಲ. ಅಣ್ಣಾ, ನಿನ್ನ ಬೆನ್ನು ನೋಯುತ್ತಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ. ನೀನು ಅದನ್ನು ನನ್ನ ಪ್ರೀತಿ ಎಂದುಕೊಂಡೆ.

ನಿನ್ನೆ ಸ್ಟಾಫ್ ರೂಮಿನೊಳಗೆ ಹೋದೆ. ಯಾದಿಯನ್ನು ಮೇಜಿನ ಮೇಲಿಟ್ಟು ಎಲ್ಲಾ ಹೇಳಿದೆ. ಸರ್ ಮೊದಲ ಸಲ ನನ್ನ ಸಂಗಡ ಕನ್ನಡದಲ್ಲಿ ಮಾತಾಡಿದರು.

“ದೊಡ್ಡೂರಿಗೆ ದೊಡ್ಡಕ್ಷರ ಅಂತ ನಿನಗ ಯಾರ ಹೇಳಿದರು?”

“ಬಸ್ಸಿನ ಬೋರ್ಡಿನ್ಯಾಗ ಹಂಗ ಇರತೈತ್ರಿ ಸರ್.”

“ನಿನ್ನ ಹೆಸರ ಹೆಂಗ ಬರೀತಿ? ಮೊದಲನೇದು ದೊಡ್ಡದೋ ಸಣ್ಣದೋ?”

“ದೊಡ್ಡದ್ರಿ.”

“ಯಾಕ? ನೀ ಏನ್ ದೊಡ್ಡ ಮನಷ್ಯಾ ಏನು?”

ಅವರು ಕೂರಿಸಿದರು. ಬರೇ ‘ಹಳ್ಳಿ’ ಎಂದು ಬರೆದರೆ ಸಣ್ಣ ಅಕ್ಷರ, ಯಾಕೆಂದರೆ ಅದು ಯಾವ ಹಳ್ಳಿಯಾದರೂ ಆಗಬಹುದು. ಒಂದೇ ಒಂದು ಊರನ್ನು ಹೆಸರಿಟ್ಟು ಕರೆದಾಗ ದೊಡ್ಡ ಅಕ್ಷರ. ಹತ್ತು ಮನೆಯ ಊರಾದರೂ ಅಷ್ಟೇ. ಕಾಲುವೆ ಎಂದರೆ ಸಣ್ಣದು, ಇಂಥ ಕಾಲುವೆ ಎಂದು ಹೆಸರಿನ ಜೊತೆ ಕೂಡಿದರೆ ದೊಡ್ಡದು. ಉತ್ತರಕ್ಕೆ ನಡೆದೆ ಎಂದರೆ ಸಣ್ಣದು, ಉತ್ತರ ಕರ್ನಾಟಕ ಎಂದರೆ ದೊಡ್ಡದು. ಜನ ಎಷ್ಟು, ಚಿನ್ನ ಇದೆಯೋ ಇಲ್ಲವೋ, ಯಾರೂ ಕೇಳುವುದಿಲ್ಲ.

ಹಳೆಯ ಯಾದಿಗೆ ಸಹಿ ಹಾಕಲು ಅವರು ಒಪ್ಪಲಿಲ್ಲ. ನಾನೂ ಕೇಳಲಿಲ್ಲ. ಅಲ್ಲೇ ಕೂತು ನನ್ನಿಂದಲೇ ಇಪ್ಪತ್ತೆರಡೂ ಊರು ಹೊಸದಾಗಿ ಬರೆಸಿ, ಅದರ ಕೆಳಗೆ ಸಹಿ ಮಾಡಿದರು. ಒಂದು ಪ್ರತಿ ಇದರೊಳಗಿದೆ.

ಸೋಮವಾರ ನಾನೇ ಗೇಟಿನಲ್ಲಿ ನಿಂತು ಪಂಪಣ್ಣನವರಿಗೆ ಹೇಳುತ್ತೇನೆ. ನೀನು ಬ್ರಷ್ ಬಿಡಬೇಡ ಅಣ್ಣಾ.

ಮಾಳಿಂಗ

*

ಸಿಂಧನೂರು
೧೧-೧೦-೧೯೮೮

ಅಣ್ಣಾ,

ನಿನ್ನೆ ಹನ್ನೊಂದಕ್ಕೆ ಪಂಪಣ್ಣನವರ ಜೀಪು ಬಂತು. “ನೀನೇನ ಆ ಸರ್?” ಎಂದು ಕೇಳಿದರು. “ಅಲ್ರಿ, ನಾ ತಮ್ಮ. ತಪ್ಪು ನಂದ್ರಿ, ಅಣ್ಣಂದಲ್ರಿ. ಸರ್‌ಗೆ ತೋರಿಸೀನಿ ಅಂತ ಸುಳ್ಳು ಹೇಳಿದ್ದೆ” ಅಂದೆ. ಹೊಸ ಯಾದಿ ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ತಪ್ಪ ಬರದಾವ ನೀನು, ಬೈಸ್ಕೊಂಡಾವ ಅವ, ಸಹಿ ಮಾಡಿದಾವ ಮತ್ತೊಬ್ಬ. ಚಲೋ ಮನಿತನ ಐತಿ ನಿಮ್ದು! ಹದಿನೈದು ದಿನ ಕೊಡ್ತೀನಿ. ಹದಿನೇಳೂ ತಿದ್ದಬೇಕು. ಇಲ್ಲಂದ್ರ ಬ್ಯಾರೆ ಪೇಂಟರ್‌ನ ತರಸ್ತೀನಿ ಅಂತ ನಿಮ್ಮಣ್ಣಗ ಹೇಳು.”

ಹೇಳಿದ್ದೇನೆ.

ಮಾಳಿಂಗ

*

ಸಿಂಧನೂರು
೨೪-೧೦-೧೯೮೮

ಅಣ್ಣಾ,

ದಸರಾ ರಜೆಗೆ ನಾನು ಊರಿಗೆ ಬರಲಿಲ್ಲ. ಬರಲು ಧೈರ್ಯವಾಗಲಿಲ್ಲ. ಪಂಪಣ್ಣನವರು ಕೊಟ್ಟ ದಿನ ನಾಳೆಗೆ ಮುಗಿಯುತ್ತದೆ. ನಿನ್ನಿಂದ ಒಂದು ಕಾರ್ಡೂ ಇಲ್ಲ. ಟಪಾಲಿನವನು ದಿನಾ ನನ್ನ ಮುಖ ನೋಡಿ ಅವನಾಗಿಯೇ ತಲೆ ಅಲ್ಲಾಡಿಸುತ್ತಾನೆ. ಒಂದು ಸಾಲು ಬರೆ. ಬೈದಾದರೂ ಬರೆ.

ಮಾಳಿಂಗ

*

ಲಿಂಗಸುಗೂರು
೨-೧೧-೧೯೮೮

ಮಾಳಿಂಗಾ,

ಬೈಯಲು ಕೂತರೆ ಬರೆಯುವುದು ಆಗುತ್ತಿರಲಿಲ್ಲ. ಅದಕ್ಕೆ ಇಷ್ಟು ದಿನ.

ಅಕ್ಷರ ತಪ್ಪಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಅಕ್ಷರ ನಾನೂ ತಪ್ಪುತ್ತೇನೆ, ಸೀಮೆಎಣ್ಣೆ ಹಚ್ಚಿ ಒರೆಸುತ್ತೇನೆ. ಆದರೆ ತಿಮ್ಮವ್ವನ ಮುಂದೆ, ಪಂಪಣ್ಣನ ಮುಂದೆ, ಸೇರಿದ ಮಂದಿಯ ಮುಂದೆ ನಿನ್ನ ಮಾತನ್ನು ಎತ್ತಿ ಹಿಡಿದಿದ್ದೆ. ನಿನ್ನ ಕಾಗದ ಓದಿ ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೇ ದಿನ ಉಸ್ತಾದರು ಬಂದರು. ಕಣ್ಣಿಗೆ ಕರಿ ಕನ್ನಡಕ. ಬಂದವರೇ, “ನಡಿ, ಬೋರ್ಡ ತೋರಸು” ಅಂದರು.

ಬಸ್ಸಿನಲ್ಲಿ ಹೋದೆವು. ಹಾದಿಯಲ್ಲಿ ಎಲ್ಲಾ ಹೇಳಿದೆ. ನಮ್ಮೂರಿನ ಬೋರ್ಡಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಎಷ್ಟು ನಕ್ಕರೆಂದರೆ ಹೊಸ ಕಣ್ಣಿನಲ್ಲಿ ನೀರು ಬಂದು, ಡಾಕ್ಟರು ಬೈಯುತ್ತಾರೆಂದು ನಾನು ಹೆದರಿದೆ.

“ಲೇ ಗದ್ದೆಪ್ಪ, ಬಸ್ಸಿನ ಬೋರ್ಡಿನ್ಯಾಗ ಹಾದಿ ನಡುವಿನ ಊರು ಸಣ್ಣಕ್ಷರದಾಗ ಬರೀತಿದ್ನಲ್ಲ, ಯಾಕ ಗೊತ್ತೈತೇನು? ಜಾಗಾ ಸಾಲ್ತಿರಲಿಲ್ಲೋ! ತಗಡು ಇಷ್ಟ, ಊರು ಅಷ್ಟು!”

ಆಗ ನನಗೊಂದು ನೆನಪಾಯಿತು. ನಿನಗೆ ಏಳು ವರ್ಷ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಉಸ್ತಾದರು ಬಸ್ಸಿನ ಬೋರ್ಡು ಬರೆಯುವಾಗ ನಾನು ಡಬ್ಬಿ ಹಿಡಿದು ನಿಂತಿದ್ದೆ. ನೀನು ಬೋರ್ಡು ನೋಡಿ, “ಇವು ಯಾಕ ಸಣ್ಣವು?” ಎಂದು ಕೇಳಿದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, “ಸಣ್ಣೂರಿಗೆ ಸಣ್ಣಕ್ಷರ” ಎಂದು ದೊಡ್ಡವನ ಹಾಗೆ ಹೇಳಿದೆ. ನೀನು ಅದನ್ನು ಇಲ್ಲಿಯವರೆಗೆ ಕಾಪಾಡಿಕೊಂಡು ಬಂದಿದ್ದೀ. ನಿನಗೆ ಬೈಯಲು ಎತ್ತಿದ ಕೈ ಅಲ್ಲೇ ಇಳಿಯಿತು.

ಹದಿನಾರು ಬೋರ್ಡುಗಳ ಮೊದಲ ಅಕ್ಷರಕ್ಕೆ ಹಳದಿ ಬಳಿದು, ನಿನ್ನ ಸರ್ ಸಹಿ ಮಾಡಿದ ಹಾಳೆ ನೋಡಿ ತಿದ್ದಿದ್ದೇನೆ. ಬಿಸಿಲಿಗೆ ಹಳೆಯ ಅಕ್ಷರ ಒಳಗಿನಿಂದ ಸ್ವಲ್ಪ ಕಾಣುತ್ತದೆ. ಕಾಣಲಿ ಎಂದು ಉಸ್ತಾದರು ಅಂದರು. ಪಂಪಣ್ಣ ಬಂದು ನೋಡಿದ, ಒಂದು ಊರು ಬಾಕಿ ಎಂದ. ಹಬ್ಬದ ವಾರದೊಳಗೆ ಅದೂ ಆಗುತ್ತದೆ ಅಂದೆ, ಹೋದ.

ಹೆಸರಿನ ಮಾತು. ನಾನು ಕೇಳಲಿಲ್ಲ. ಯಾವ ಮುಖದಿಂದ ಕೇಳಲಿ? ವಾಪಸ್ ಬರುವಾಗ ಅವರೇ ಅಂದರು: “ಮೂಲ್ಯಾಗ ಇನ್ನ ನಿನ್ನ ಹೆಸರ ಹಾಕು. ಚಂದ ಬರದೀ ಅಂತಲ್ಲೋ. ತಪ್ಪಾದ್ರ ಬೈಬೇಕಾದದ್ದು ಯಾರಿಗೆ ಅಂತ ಮಂದಿಗೆ ಗೊತ್ತಿರಬೇಕಲ್ಲ! ಇಷ್ಟ ವರ್ಷ ನಾ ಬೈಸ್ಕೊಂಡೀನಿ, ಇನ್ನ ನೀ ಬೈಸ್ಕೋ.”

ಹಾಕಿದೆ. ಹದಿನಾರರಲ್ಲೂ, ಬೆರಳಿನಷ್ಟು ಉದ್ದ. ಗದ್ದೆಪ್ಪ, ಲಿಂಗಸುಗೂರು.

ಬಾಕಿ ಇರುವುದು ವಳಕಮದಿನ್ನಿ. ಅದರ ಮೊದಲ ಅಕ್ಷರವನ್ನು ಅಳಿಸಿ ಜಾಗ ಖಾಲಿ ಬಿಟ್ಟಿದ್ದೇನೆ. ನಾನು ಬರೆಯುವುದಿಲ್ಲ. ತಿಮ್ಮವ್ವ ದಿನಾ ಅವ್ವನ ಮುಂದೆ ನಿಂತು, “ಇದ್ದ ಬೋಳ ತಲಿನೂ ಕಡದ ಒಯ್ದರಲ್ಲಬೇ ನಿನ್ನ ಮಕ್ಕಳು, ಹೊಸಾ ತಲಿ ಯಾವಾಗ ಇಡ್ತಾರ?” ಎಂದು ಕೇಳುತ್ತಾಳಂತೆ.

ದೀಪಾವಳಿ ರಜೆಗೆ ಬಾ.

ಗದ್ದೆಪ್ಪ

*

ಸಿಂಧನೂರು
೭-೧೧-೧೯೮೮

ಅಣ್ಣಾ,

ಹದಿಮೂರನೇ ತಾರೀಕು ಆಯ್ತವಾರ ಬರ್ತೀನಿ. ಎಂಟರ ಬಸ್ಸಿನ ಬೋರ್ಡಿನಲ್ಲಿ ನಮ್ಮೂರಿನ ಹೆಸರಿಲ್ಲ. ಅದು ಎಲ್ಲಿ ಇಳಿಸುತ್ತದೋ ಅಲ್ಲಿಂದ ನಡೆದು ಬರ್ತೀನಿ. ಯಂಕೋಬನೂ ಬರ್ತಾನಂತ, ಅವತ್ತು ನಕ್ಕಿದ್ದಕ್ಕೆ ಬಣ್ಣದ ಡಬ್ಬಿ ಹಿಡೀತೀನಿ ಅಂದಾನ.

ನಾನು ಬ್ರಷ್ ಹಿಡಿದವನಲ್ಲ. ಮೊದಲೇ ಸುಣ್ಣದ ದಾರ ಹೊಡೆದಿಡು. ಮೇಲಿನ ಗೆರೆ ಸ್ವಲ್ಪ ಎತ್ತರಕ್ಕ ಇರಲಿ.

ಮೂಲೆಯಲ್ಲಿ ನಿನ್ನ ಹೆಸರಿನ ಪಕ್ಕ ಬೆರಳಷ್ಟು ಜಾಗ ಬಿಡು. ಬೈಸ್ಕೊಳ್ಳಾಕ ನಾನೂ ಇರ್ತೀನಿ.

ಮಾಳಿಂಗ